ಏಲಕ್ಕಿ ಇಲ್ಲದ ಪಾಯಸ

ಯಾರ ಕಾರು ಹತ್ತಿದರೂ ಮೊದಲು ಒಂದು ಸಲ ಮೂಸಿ ನೋಡುವುದು ನನಗೀಗ ಅಭ್ಯಾಸವಾಗಿಬಿಟ್ಟಿದೆ. ಸೀಟ್ ಬೆಲ್ಟ್ ಹಾಕಿಕೊಳ್ಳುವ ಮೊದಲೇ ಮೂಗು ತಾನಾಗಿ ಎ.ಸಿ.ಯ ಕಿಂಡಿಯ ಕಡೆ ತಿರುಗುತ್ತದೆ. ಹೊಸದಾಗಿ ಪರಿಚಯವಾದವರು, ಪಾಪ, ತಮ್ಮ ಕಾರಿನಲ್ಲಿ ಏನೋ ಕೆಟ್ಟ ವಾಸನೆ ಇದೆಯೆಂದು ಮುಜುಗರಪಟ್ಟುಕೊಂಡು ಕಿಟಕಿ ಇಳಿಸುತ್ತಾರೆ. ಟೆಕ್ಸಸ್‌ನ ಆಸ್ಟಿನ್ ಪಕ್ಕದ ಲಿಯಾಂಡರಿನ ನಮ್ಮ ಬೀದಿಗೆ ಈಚೆಗೆ ಬಂದ ಹೊಸ ಮದುಮಗಳೊಬ್ಬಳು ಹೋದ ತಿಂಗಳು ನನ್ನನ್ನು ದಿನಸಿ ಅಂಗಡಿಗೆ ಕರೆದುಕೊಂಡು ಹೊರಟಿದ್ದಳು. ನಾನು ಮೂಸಿದ್ದನ್ನು ನೋಡಿ, ಗಂಡನ ಜಿಮ್ ಬ್ಯಾಗು ಹಿಂದಿನ ಸೀಟಿನಲ್ಲೇ ಉಳಿದಿದೆ ಆಂಟಿ, ಅದರದ್ದೇ ಇರಬೇಕು ಎಂದು ಸಂಕೋಚಪಟ್ಟಳು. ನಾನು ಹುಡುಕುತ್ತಿರುವುದು ಬೆವರಿನ ವಾಸನೆಯನ್ನಲ್ಲ, ಪಾಯಸದ ವಾಸನೆಯನ್ನು ಎಂದಿದ್ದರೆ ಆ ಹುಡುಗಿ ನನ್ನನ್ನು ಅಂಗಡಿಯ ಬದಲು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಳು. ಸುಮ್ಮನಿದ್ದೆ. ನಿಮಗಾದರೆ ಹೇಳಬಹುದು.

ಆ ವಾಸನೆ ಬಂದದ್ದು ನನ್ನದೇ ಆದ ಮೊದಲ ಕಾರಿನಲ್ಲಿ. ಅಲ್ಲಿಯವರೆಗೆ ಮನೆಗೆ ಒಂದೇ ಕಾರು, ಅದು ನನ್ನ ಗಂಡ ಮುರಳಿಯ ಜೊತೆ ಬೆಳಿಗ್ಗೆಯೇ ಆಫೀಸಿಗೆ ಹೋಗಿಬಿಡುತ್ತಿತ್ತು. ಟೆಕ್ಸಸ್‌ನಲ್ಲಿ ಕಾರಿಲ್ಲದ ಹೆಂಗಸು ಎಂದರೆ ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೂ ಶನಿವಾರದವರೆಗೆ ಕಾಯುವವಳು. ನನಗೆ ಕಾಯುವುದು ಎಂದರೆ ಆಗದು. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಚರ್ಚೊಂದರ ಖಾಲಿ ಪಾರ್ಕಿಂಗ್ ಜಾಗದಲ್ಲಿ ಡ್ರೈವಿಂಗ್ ಕಲಿತೆ. ದಂತವೈದ್ಯರ ಕ್ಲಿನಿಕ್ಕಿನಲ್ಲಿ ಅಪಾಯಿಂಟ್‌ಮೆಂಟ್ ಬರೆಯುವ ಕೆಲಸ ಹಿಡಿದೆ. ಆಮೇಲೆ ಯಾರೋ ಎರಡು ವರ್ಷ ಓಡಿಸಿ ಬಿಟ್ಟ ಬೂದು ಬಣ್ಣದ ಕಾರೊಂದನ್ನು ಕೊಂಡೆ. ಯಾವ ಕಂಪನಿಯದು ಎಂದು ಕೇಳಬೇಡಿ, ಆ ಹೆಸರು ಎತ್ತಿದರೆ ಮುರಳಿ ಇವತ್ತಿಗೂ ಊಟ ಬಿಟ್ಟು ಏಳುತ್ತಾನೆ. ಕೊಂಡ ದಿನ ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಆರತಿ ಎತ್ತಿದೆ. ಬಾನೆಟ್ಟಿಗೆ ಪೂಜೆ ಮಾಡಿದೆನೇ ಹೊರತು ಅದನ್ನು ತೆರೆದು ಒಳಗೇನಿದೆ ಎಂದು ಒಂದು ದಿನವೂ ನೋಡಲಿಲ್ಲ.

ಕಾರಿನ ವಿಷಯದಲ್ಲಿ ನನಗಿದ್ದ ಜ್ಞಾನವೆಲ್ಲ ಮೈಸೂರಿನ ನಮ್ಮ ಚಿಕ್ಕಪ್ಪನಿಂದ ಬಂದದ್ದು. ಅವರ ಹತ್ತಿರ ಒಂದು ಹಳೆಯ ಕಾರಿತ್ತು. ಹಾದಿಬೀದಿಯಲ್ಲಿ ಕುದಿಯುವುದು ಅದರ ಸ್ವಭಾವ. ನಂಜನಗೂಡಿಗೆ ಹೊರಡುವ ದಿನ ನಾವು ಮಕ್ಕಳೆಲ್ಲ ಒಬ್ಬರ ತೊಡೆಯ ಮೇಲೊಬ್ಬರು ಕೂತಿದ್ದರೆ, ಚಿಕ್ಕಪ್ಪ ನಿಧಾನವಾಗಿ ಬಾನೆಟ್ ಎತ್ತಿ ಬಿಂದಿಗೆಯಿಂದ ನೀರು ಹೊಯ್ಯುತ್ತಿದ್ದರು. ಕಾರಿಗೆ ನೀರು ಕುಡಿಸುವುದು ಎಂದೇ ಅದಕ್ಕೆ ನಮ್ಮ ಮನೆಯಲ್ಲಿ ಹೆಸರು. ಕಡಕೊಳದ ಹತ್ತಿರ ಬರುವಷ್ಟರಲ್ಲಿ ಕುಡಿದದ್ದೆಲ್ಲ ಆವಿಯಾಗಿ, ಕಾರು ಬುಸುಗುಟ್ಟುತ್ತ ನಿಲ್ಲುತ್ತಿತ್ತು. ನಾವು ಇಳಿದು ಮರದ ನೆರಳಿನಲ್ಲಿ ಪುಳಿಯೋಗರೆ ತಿನ್ನುತ್ತಿದ್ದೆವು. ಕಾರು ಕುದಿಯುವುದಕ್ಕೂ ಪುಳಿಯೋಗರೆಗೂ ಏನೋ ಸಂಬಂಧವಿದೆ ಎಂದು ನಾನು ಬಹಳ ದಿನ ನಂಬಿದ್ದೆ. ಕಾರು ನಿಂತ ಕಡೆಯೆಲ್ಲ ತೊಟ್ಟಿಕ್ಕುತ್ತಿದ್ದರಿಂದ ಚಿಕ್ಕಪ್ಪ ಕೆಳಗೊಂದು ಬೋಗುಣಿ ಇಟ್ಟಿರುತ್ತಿದ್ದರು. ಚಿಕ್ಕಮ್ಮ ಅದನ್ನು ಒಮ್ಮೆ ದೋಸೆ ಹಿಟ್ಟಿಗೆ ತೆಗೆದುಕೊಂಡು ದೊಡ್ಡ ರಾದ್ಧಾಂತವಾಗಿತ್ತು, ಅದು ಬೇರೆ ಮಾತು. ಹೇಳಬೇಕೆಂದದ್ದು ಇಷ್ಟೇ: ಸೋರುವ ಕಾರು ಎಂದರೆ ಕೆಳಗೆ ನೀರು ಕಾಣಬೇಕು ಎಂದು ನಾನು ಕಲಿತಿದ್ದೆ. ಲಿಯಾಂಡರಿನ ನಮ್ಮ ಗ್ಯಾರೇಜಿನ ನೆಲ ಯಾವಾಗಲೂ ಒಣಗಿಯೇ ಇರುತ್ತಿತ್ತು.

ಈಗ ಪಾಯಸಕ್ಕೆ ಬರುತ್ತೇನೆ. ಎರಡು ಸಾವಿರದ ಹದಿನಾಲ್ಕರಲ್ಲಿ ನಮ್ಮ ಅತ್ತೆ, ಅಂದರೆ ಮುರಳಿಯ ತಾಯಿ, ಮೊದಲ ಸಲ ಇಲ್ಲಿಗೆ ಬಂದಿದ್ದರು. ಡಲ್ಲಾಸ್ ಪಕ್ಕದ ಕಾಪೆಲ್‌ನಲ್ಲಿ ನನ್ನ ಗೆಳತಿ ವೀಣಾ ಇದ್ದಾಳೆ, ಧಾರವಾಡದವಳು. ಗಣೇಶನ ಹಬ್ಬ ಶುಕ್ರವಾರ ಬಂದಿತ್ತು. ಒಂದು ದಿನ ರಜೆ ಹಾಕಿ ಎಲ್ಲರೂ ನನ್ನ ಕಾರಿನಲ್ಲೇ ಅವಳ ಮನೆಗೆ ಹೋದೆವು. ಅಲ್ಲಿ ಅತ್ತೆ ಒಂದು ದೊಡ್ಡ ಪಾತ್ರೆಯ ತುಂಬ ಗಸಗಸೆ ಪಾಯಸ ಮಾಡಿದರು. ಅವರ ಗಸಗಸೆ ಪಾಯಸ ಎಂದರೆ ಸುಮ್ಮನೆ ಅಲ್ಲ. ಮೈಸೂರಿನಲ್ಲಿ ಅವರ ಬೀದಿಯವರೆಲ್ಲ ಮನೆಯ ಶುಭಕಾರ್ಯಕ್ಕೆ ಪಾಯಸದ ಮಟ್ಟಿಗೆ ಅಡುಗೆಯವರನ್ನು ಬಿಟ್ಟು ಇವರನ್ನು ಕರೆಯುತ್ತಾರೆ. ಏಲಕ್ಕಿಯನ್ನು ಸಿಪ್ಪೆ ಸಮೇತ ಕುಟ್ಟುವುದು ಅವರಿಗೆ ಆಗದು, ಒಂದೊಂದೇ ಬಿಡಿಸಿ, ಕಾಳು ಮಾತ್ರ ಪುಡಿ ಮಾಡಿ, ಒಲೆ ಆರಿಸಿದ ಮೇಲೆ ಹಾಕುತ್ತಾರೆ. ಮುರಳಿ ನಾಲ್ಕು ಲೋಟ ಕುಡಿದ. ಗಸಗಸೆ ತನ್ನ ಕೆಲಸ ಮಾಡಿತು. ಸಾಯಂಕಾಲ ಹೊರಡುವಾಗ ಅವನಿಗೆ ಕಣ್ಣು ಬಿಡಲಾಗಲಿಲ್ಲ, ನಮ್ಮ ಏಳು ವರ್ಷದ ಮಗಳು ಅನುವಿನ ಜೊತೆ ಹಿಂದಿನ ಸೀಟಿನಲ್ಲಿ ಮಲಗಿಬಿಟ್ಟ. ಡ್ರೈವಿಂಗ್ ನನ್ನ ಪಾಲಿಗೆ ಬಂತು. ಮಿಕ್ಕ ಪಾಯಸದ ಪಾತ್ರೆ ತೊಡೆಯ ಮೇಲಿಟ್ಟುಕೊಂಡು, ಮುಚ್ಚಳವನ್ನು ಎರಡೂ ಕೈಯಿಂದ ಒತ್ತಿ ಹಿಡಿದು, ಅತ್ತೆ ನನ್ನ ಪಕ್ಕ ಕೂತರು.

ನಡುದಾರಿಯ ವೇಕೋ ಊರು ದಾಟುವಾಗ ಹೊತ್ತು ಮುಳುಗಿತ್ತು. ಹೈವೇಯ ಬಲಗಡೆ, ಆಕಾಶ ಇನ್ನೂ ಕೆಂಪಗಿರುವಲ್ಲಿ, ತೆಳ್ಳನೆಯ ಚಂದ್ರ. ಟೆಕ್ಸಸ್‌ನಲ್ಲಿ ಆಕಾಶಕ್ಕೆ ಅಡ್ಡ ಬರುವುದು ಏನೂ ಇಲ್ಲವಲ್ಲ, ಕಣ್ಣೆದುರಿಗೇ ಇದ್ದಂತಿತ್ತು. ನಾನು ಹಬ್ಬವನ್ನೂ ಮರೆತು, ತಿಥಿಯನ್ನೂ ಮರೆತು, ಅತ್ತೆ ನೋಡಿ ಎಷ್ಟು ಚೆನ್ನಾಗಿದೆ ಎಂದು ಕೈ ತೋರಿಸಿದೆ. ಅವರು ನೋಡಿದರು. ನೋಡಿದ ಮೇಲೆ ಅದು ಚೌತಿಯ ಚಂದ್ರ ಎಂಬುದು ಅವರಿಗೆ ನೆನಪಾಯಿತು. ಚೌತಿಯ ಚಂದ್ರನನ್ನು ನೋಡಿದರೆ ಮಾಡದ ತಪ್ಪಿಗೆ ಅಪವಾದ ಬರುತ್ತದೆ ಎಂದು ಚಿಕ್ಕಂದಿನಿಂದ ಕೇಳಿದವರು. ಅಯ್ಯೋ ರಾಮ ಎಂದು ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡರು. ಮುಚ್ಚಳಕ್ಕೆ ಮೂರನೆಯ ಕೈ ಇರಲಿಲ್ಲ. ಅವರ ಗಾಬರಿಗೆ ನಾನೂ ಗಾಬರಿಯಾಗಿ ಬ್ರೇಕ್ ಒತ್ತಿದೆ. ಪಾಯಸ ಡ್ಯಾಶ್‌ಬೋರ್ಡಿನಿಂದ ಹಿಡಿದು ಮ್ಯಾಟಿನ ಕೆಳಗಿನ ಕಾರ್ಪೆಟ್ಟಿನವರೆಗೂ ಹರಿಯಿತು.

"ಒಂದು ಮುಚ್ಚಳ ಹಿಡ್ಕೊಳೋಕೂ ಆಗ್ಲಿಲ್ವಾ ಅತ್ತೆ ನಿಮಗೆ?" ಎಂದೆ.

ಹೇಳಿದ್ದು ಅಷ್ಟೇ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಬಂದಷ್ಟೇ ಬೇಗ ಇಳಿಯುತ್ತದೆ. ಅತ್ತೆ ಸೆರಗಿನಿಂದ ಡ್ಯಾಶ್‌ಬೋರ್ಡ್ ಒರೆಸುತ್ತ ಲಿಯಾಂಡರಿನವರೆಗೂ ತಲೆ ತಗ್ಗಿಸಿ ಕೂತಿದ್ದರು.

ಮಾರನೆಯ ದಿನವೇ ಕಾರ್ಪೆಟ್ ತೊಳೆಸಿದೆವು. ಅತ್ತೆ ಊರಿಗೆ ಹೋದರು. ವಾಸನೆ ಮಾತ್ರ ಹೋಗಲಿಲ್ಲ. ಕೆಲವು ದಿನ ಕಡಿಮೆಯಾದಂತೆ ಇರುತ್ತಿತ್ತು, ಎ.ಸಿ. ಹಾಕಿದೊಡನೆ ಬೆಲ್ಲದ ಪಾಕದಂಥ ಸಿಹಿ ವಾಸನೆ ಮತ್ತೆ ಬರುತ್ತಿತ್ತು. ಇನ್ನೊಮ್ಮೆ ತೊಳೆಸಿದೆ, ಅಡುಗೆ ಸೋಡಾ ಹರಡಿದೆ, ಕಾಫಿಪುಡಿಯ ಬಟ್ಟಲಿಟ್ಟೆ. ಕಾಫಿಪುಡಿಯೂ ಪಾಯಸವೂ ಸೇರಿ ಕಾರು ಮದುವೆ ಮನೆಯ ಉಗ್ರಾಣವಾಯಿತೇ ಹೊರತು ಬೇರೇನೂ ಆಗಲಿಲ್ಲ. ಅನುವಿಗೆ ಮಾತ್ರ ಆ ವಾಸನೆ ಬಹಳ ಇಷ್ಟ. "ಇಟ್ ಸ್ಮೆಲ್ಸ್ ಲೈಕ್ ಅಜ್ಜಿ" ಎನ್ನುತ್ತಿದ್ದಳು. ಅವಳ ಶಾಲೆಯ ಗೆಳತಿಯೊಬ್ಬಳು ಕಾರು ಹತ್ತಿ ಪ್ಯಾನ್‌ಕೇಕ್ ಸಿರಪ್ ವಾಸನೆ ಎಂದಾಗ ನಾನು ನಕ್ಕಿದ್ದೆ. ಪಾಪ, ಗಸಗಸೆ ಪಾಯಸ ಗೊತ್ತಿಲ್ಲದ ಮಗು ಇನ್ನೇನು ಹೇಳೀತು ಎಂದುಕೊಂಡೆ.

ಹೀಗೆ ಸಮಸ್ಯೆ ಕಥೆಯಾಯಿತು. ನನ್ನ ಕಾರು ಹತ್ತಿದವರಿಗೆಲ್ಲ ನಾನೇ ಮುಂದಾಗಿ ಹೇಳುತ್ತಿದ್ದೆ. ಅತ್ತೆ ಕಣ್ಣು ಮುಚ್ಚಿಕೊಂಡ ರೀತಿ, ಪಾಯಸ ಹರಿದ ರೀತಿ, ಎಲ್ಲಕ್ಕೂ ಅಭಿನಯ ಸಮೇತ. ಕನ್ನಡ ಸಂಘದ ಊಟದಲ್ಲಿ ಜನ ಕೇಳಿ ಹೇಳಿಸಿಕೊಳ್ಳುವಷ್ಟು ಚೆನ್ನಾಗಿ ಹೇಳುತ್ತಿದ್ದೆ. ಚಂದ್ರನನ್ನು ತೋರಿಸಿದ್ದು ನಾನೇ ಎಂಬ ಭಾಗವನ್ನು ಮಾತ್ರ, ಕಥೆ ಉದ್ದವಾಗುತ್ತದೆ ಎಂದು, ಬಿಟ್ಟುಬಿಡುತ್ತಿದ್ದೆ.

ಎರಡು ವರ್ಷದ ಮೇಲೆ, ಯುಗಾದಿಯ ಹೊತ್ತಿಗೆ, ಅತ್ತೆ ಎರಡನೆಯ ಸಲ ಬಂದರು. ಆಸ್ಟಿನ್ ಏರ್‌ಪೋರ್ಟಿನಿಂದ ಕಾರು ಹತ್ತಿದವರು ಒಂದು ಉಸಿರು ಎಳೆದರು. ಇನ್ನೂ ಇದೆಯಾ ಎಂದು ಮೆಲ್ಲಗೆ ಕೇಳಿದರು. ಇದೆಯಲ್ಲ ಎಂದೆ. ಅವತ್ತಿನಿಂದ ಅವರು ನನ್ನ ಕಾರಿನಲ್ಲಿ ಕೈಯಲ್ಲಿ ಏನೂ ಹಿಡಿಯದೆ ಕೂರುತ್ತಿದ್ದರು, ನೀರಿನ ಬಾಟಲಿಯನ್ನು ಕೂಡ. ಯುಗಾದಿಯ ದಿನ ಪಾಯಸ ಮಾಡಿ ಎಂದರೆ, ನೀವೇ ಮಾಡ್ಕೊಳ್ರಮ್ಮ, ನನ್ನ ಕೈ ಈಗ ಮೊದಲಿನ ಹಾಗಿಲ್ಲ ಎಂದು ಕೋಸಂಬರಿ ಮಾಡಿಟ್ಟರು. ಸಂಘದ ಊಟಕ್ಕೆ ಹೋದಾಗ ಯಾರೋ ಆ ಕಥೆ ಹೇಳು ಎಂದರು. ಅತ್ತೆ ಪಕ್ಕದಲ್ಲೇ ಇದ್ದರು. ನಾನು ಹೇಳಿದೆ. ಅವರೂ ಎಲ್ಲರ ಜೊತೆ ನಕ್ಕರು. ನನಗೆ ಬುದ್ಧಿ ಅನ್ನುವುದು ಇದ್ದಿದ್ದರೆ ಅವರು ತಟ್ಟೆಯಲ್ಲಿದ್ದ ಪಾಯಸವನ್ನು ಹಾಗೇ ಬಿಟ್ಟು ಎದ್ದದ್ದನ್ನು ಗಮನಿಸುತ್ತಿದ್ದೆ.

ಮಾರನೆಯ ಬೆಳಿಗ್ಗೆ ಕಾಫಿಗೆ ಕರೆಯೋಣವೆಂದರೆ ಅತ್ತೆ ರೂಮಿನಲ್ಲಿ ಇಲ್ಲ. ಗ್ಯಾರೇಜಿನ ದೀಪ ಉರಿಯುತ್ತಿತ್ತು. ಕಾರಿನ ಬಾಗಿಲು ತೆಗೆದು, ಸಿಮೆಂಟಿನ ಮೇಲೆ ಮಂಡಿಯೂರಿ, ಹಳೇ ಸೀರೆಯ ಚೂರನ್ನು ಬಿಸಿನೀರಿನಲ್ಲಿ ಅದ್ದಿ ಅದ್ದಿ ಕಾರ್ಪೆಟ್ ಉಜ್ಜುತ್ತಿದ್ದರು. ಅರವತ್ತೆಂಟು ವರ್ಷ, ಮಂಡಿನೋವು ಬೇರೆ. ಯಾಕತ್ತೆ ಇದೆಲ್ಲ, ಏಳಿ ಎಂದು ಕೈ ಹಿಡಿದೆ. ಅವರು ಏಳಲಿಲ್ಲ. ಕಾರ್ಪೆಟ್ಟಿನ ಹತ್ತಿರ ಬಗ್ಗಿ ಮೂಸಿದರು, ಆಮೇಲೆ ಎ.ಸಿ.ಯ ಕಿಂಡಿಯ ಹತ್ತಿರ ಮೂಸಿದರು.

"ಶೈಲಾ, ಇದು ನನ್ನ ಪಾಯಸ ಅಲ್ಲ ಕಣೆ. ಇದರಲ್ಲಿ ಏಲಕ್ಕಿ ಇಲ್ಲ."

ಎರಡು ವರ್ಷದ ಮೇಲೆ ಏಲಕ್ಕಿ ಎಲ್ಲಿ ಉಳಿಯುತ್ತದೆ ಅತ್ತೆ, ಬನ್ನಿ ಕಾಫಿ ಆರುತ್ತದೆ ಎಂದು ಎಬ್ಬಿಸಿ ಕರೆದುಕೊಂಡು ಬಂದೆ. ತಿಂಡಿಯ ಹೊತ್ತಿಗೆ ಮುರಳಿಗೂ ಅದನ್ನೇ ಹೇಳಿ ನಕ್ಕೆ. ಅತ್ತೆ ಮತ್ತೆ ಆ ಮಾತು ಎತ್ತಲಿಲ್ಲ. ಜೂನ್‌ನಲ್ಲಿ ಊರಿಗೆ ಹೊರಟರು. ಅಷ್ಟು ತಿಂಗಳಲ್ಲಿ ನಮ್ಮ ಮನೆಯ ಒಲೆಯ ಮೇಲೆ ಅವರ ಕೈಯಿಂದ ಒಂದು ಲೋಟ ಪಾಯಸವೂ ಆಗಲಿಲ್ಲ.

ಜುಲೈನಲ್ಲಿ ಹ್ಯೂಸ್ಟನ್‌ನ ಗೆಳತಿಯೊಬ್ಬಳ ಗೃಹಪ್ರವೇಶ. ಮುರಳಿಗೆ ಕೆಲಸವಿತ್ತು, ನಾನು ಅನುವನ್ನು ಕರೆದುಕೊಂಡು ಹೊರಟೆ. ಆ ದಿನ ಪಾಯಸದ ವಾಸನೆ ಎಂದೂ ಇಲ್ಲದಷ್ಟು ಜೋರಾಗಿ ಬರುತ್ತಿತ್ತು. ಬ್ರೆನಮ್ ಊರಿನ ಹತ್ತಿರ ಬರುವಾಗ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರುತ್ತಿರುವುದು ಕಂಡಿತು. ಹೊರಗೆ ಇಲ್ಲಿಯ ಫ್ಯಾರನ್‌ಹೀಟ್ ಲೆಕ್ಕದಲ್ಲಿ ನೂರು ಡಿಗ್ರಿಯ ಬಿಸಿಲು, ನನಗೇ ಬೇಯುತ್ತಿರುವಾಗ ಅದಕ್ಕೆ ಬಿಸಿಯಾಗದೇ ಇರುತ್ತದೆಯೇ ಎಂದು ಇನ್ನೂ ನಾಲ್ಕೈದು ಮೈಲಿ ಓಡಿಸಿದೆ. ಆಮೇಲೆ ಕೆಂಪು ದೀಪ, ಆಮೇಲೆ ಬಾನೆಟ್ಟಿನ ಸಂದಿಯಿಂದ ಹೊಗೆ. ಪಕ್ಕಕ್ಕೆ ನಿಲ್ಲಿಸಿದಾಗ ಮೂವತ್ತು ವರ್ಷ ಹಿಂದಿನ ಕಡಕೊಳ ಕಣ್ಣ ಮುಂದೆ ಬಂತು. ಇಷ್ಟೇ ತಾನೇ, ನನಗೆ ಗೊತ್ತಿಲ್ಲದ್ದೇ ಎಂದು ಧೈರ್ಯವಾಗಿ ಇಳಿದು ಬಾನೆಟ್ ಎತ್ತಿದೆ. ಒಳಗೆ ಎಲ್ಲಕ್ಕೂ ಪ್ಲಾಸ್ಟಿಕ್ ಮುಚ್ಚಿತ್ತು, ನೀರು ಎಲ್ಲಿಗೆ ಕುಡಿಸುವುದು ತಿಳಿಯಲಿಲ್ಲ. ಅನು ಅಷ್ಟರಲ್ಲಿ ಫೋನಿನಲ್ಲಿ ಓದಿ, "ಅಮ್ಮಾ, ಡೋಂಟ್ ಓಪನ್ ಎನಿಥಿಂಗ್" ಎಂದಳು. ಬಾಟಲಿಯ ನೀರನ್ನು ನಾವಿಬ್ಬರೇ ಕುಡಿದೆವು. ಪುಳಿಯೋಗರೆ ತಂದಿರಲಿಲ್ಲ.

ಟೋ ಟ್ರಕ್ ನಮ್ಮನ್ನು ಹತ್ತಿರದ ಒಂದು ಸಣ್ಣ ಗ್ಯಾರೇಜಿಗೆ ಎಳೆದುಕೊಂಡು ಹೋಯಿತು. ಅದನ್ನು ನಡೆಸುತ್ತಿದ್ದವನು ಅರ್ನೆಸ್ಟೋ ಎಂಬ ವಯಸ್ಸಾದ ಮನುಷ್ಯ. ಅರ್ಧ ಗಂಟೆ ಒಳಗೆ ತಲೆ ಹಾಕಿ ನೋಡಿ, ಕೈ ಒರೆಸಿಕೊಳ್ಳುತ್ತ ಬಂದ. ಎಂಜಿನ್ನನ್ನು ತಂಪಾಗಿಡುವ ಕೂಲೆಂಟ್ ದ್ರವವೆಲ್ಲ ಸೋರಿಹೋಗಿದೆ, ಬಿಸಿಗೆ ಎಂಜಿನ್ ಬಾಗಿದೆ, ಇನ್ನೂ ಹತ್ತು ವರ್ಷ ಓಡಬೇಕಾಗಿದ್ದ ಎಂಜಿನ್ ಇದು ಎಂದ. ನಾನು ಚಿಕ್ಕಪ್ಪನ ಬೋಗುಣಿಯನ್ನು ನೆನೆದು, ನಮ್ಮ ಗ್ಯಾರೇಜಿನಲ್ಲಿ ಒಂದು ತೊಟ್ಟೂ ಬಿದ್ದಿಲ್ಲವಲ್ಲ ಎಂದು ವಾದಿಸಿದೆ. ಸಣ್ಣ ಸೋರಿಕೆ, ಬಿಸಿ ಎಂಜಿನ್ನಿನ ಮೇಲೆ ಬಿದ್ದದ್ದು ಅಲ್ಲೇ ಆವಿಯಾಗಿ ಹೋಗುತ್ತದೆ, ನೆಲಕ್ಕೆ ಬೀಳುವುದೇ ಇಲ್ಲ ಎಂದ. ಆಮೇಲೆ ಒಂದು ಪ್ರಶ್ನೆ ಕೇಳಿದ. ಕಾರಿನೊಳಗೆ ಸಿಹಿ ವಾಸನೆ ಎಷ್ಟು ದಿನದಿಂದ ಬರುತ್ತಿದೆ?

ನಾನು ಅಭ್ಯಾಸಬಲದಿಂದ ಕಥೆ ಶುರುಮಾಡಿದೆ. ಅದು ನಮ್ಮ ಅತ್ತೆ ಚೆಲ್ಲಿದ ಪಾಯಸ, ಪಾಯಸವೆಂದರೆ ಗಸಗಸೆ, ಅಂದರೆ ಅಫೀಮು ಗಿಡದ ಬೀಜ ಅರೆದು ಕುಡಿಯುವುದು, ಕುಡಿದರೆ ನಿದ್ದೆ ಬರುತ್ತದೆ ಎಂದು ಇಂಗ್ಲಿಷಿನಲ್ಲಿ ವಿವರಿಸುತ್ತ ಹೋದಂತೆ ಅವನ ಹುಬ್ಬು ಮೇಲೇರುತ್ತಿತ್ತು. ಇನ್ನು ಸ್ವಲ್ಪ ಹೇಳಿದರೆ ಪೊಲೀಸರನ್ನು ಕರೆದಾನು ಎನ್ನಿಸಿ ನಿಲ್ಲಿಸಿದೆ. ಅವನು ಒಳಗಿನಿಂದ ಕೂಲೆಂಟ್ ಕ್ಯಾನ್ ತಂದು, ಮುಚ್ಚಳ ತೆಗೆದು, ಕುಡಿಯಬೇಡಿ, ವಿಷ, ದೂರದಿಂದ ಮೂಸಿ ನೋಡಿ ಎಂದ.

ಮೂಸಿದೆ. ಎರಡು ವರ್ಷದಿಂದ ದಿನಾ ಮೂಸಿದ ವಾಸನೆ. ಬೆಲ್ಲದ ಪಾಕ. ಅತ್ತೆಯ ಗಸಗಸೆ ಪಾಯಸ. ಇನ್ನೊಂದು ಸಲ ಮೂಸಿದೆ.

ಏಲಕ್ಕಿ ಇರಲಿಲ್ಲ.

ನಾನು ಗ್ಯಾರೇಜಿನ ಮುರುಕು ಕುರ್ಚಿಯ ಮೇಲೆ ಕೂತುಬಿಟ್ಟೆ. ಎಂಜಿನ್ ಹೋದದ್ದಕ್ಕೆ ಅಳುತ್ತಿದ್ದೇನೆಂದು ಅರ್ನೆಸ್ಟೋ ಸಮಾಧಾನ ಹೇಳಿದ. ಪಾಯಸ ಯಾವತ್ತು ಮುಗಿಯಿತು, ಕೂಲೆಂಟ್ ಯಾವತ್ತು ಶುರುವಾಯಿತು ಎಂದು ಹೇಳುವವರು ಯಾರೂ ಇಲ್ಲ. ಆ ಬೆಳಿಗ್ಗೆ ಅತ್ತೆಯ ಮಾತು ಕೇಳಿ ಒಂದು ಸಲ ಬಾನೆಟ್ ತೆರೆಸಿದ್ದರೆ ಎಂಜಿನ್ನೂ ಉಳಿಯುತ್ತಿತ್ತು. ಅವರು ಉಜ್ಜಿದ ಕಾರ್ಪೆಟ್ ಮಾತ್ರ ಊಟ ಬಡಿಸಬಹುದಾದಷ್ಟು ಶುದ್ಧವಾಗಿತ್ತು.

ಈ ಸುದ್ದಿ ಹಬ್ಬಿದ ಮೇಲೆ ಗೊತ್ತಾಯಿತು, ಅದೇ ಕಂಪನಿಯ ಕಾರು ಕೊಂಡ ನಮ್ಮವರು ಇನ್ನೂ ಕೆಲವರಿದ್ದಾರೆ, ಮನೆಮನೆಗೂ ಒಬ್ಬೊಬ್ಬ ಅಪರಾಧಿ ಇದ್ದಾನೆ. "ನಮ್ದೂ ಹಂಗ ಆಗೇದರೀ" ಎಂದು ವೀಣಾ ಫೋನ್ ಮಾಡಿದಳು. ಅವಳು ಮಗ ಜ್ಯೂಸ್ ಚೆಲ್ಲಿದ್ದಾನೆಂದು ಅವನನ್ನು ಒಂದು ತಿಂಗಳು ಕಾರಿನಲ್ಲಿ ಬಾಯಿಗೆ ಏನೂ ಹಾಕದಂತೆ ಮಾಡಿದ್ದಳು. ಹ್ಯೂಸ್ಟನ್‌ನ ಗೆಳತಿ ಸಕ್ಕರೆ ಕಾಯಿಲೆಯ ಗಂಡ ಕಾರಿನಲ್ಲಿ ಕದ್ದು ಡೋನಟ್ ತಿನ್ನುತ್ತಾನೆಂದು ಜಗಳವಾಡಿದ್ದಳಂತೆ. ಆ ಮಹಾನುಭಾವ ಒಂದು ವರ್ಷ ರಾಗಿ ಮುದ್ದೆ ತಿಂದುಕೊಂಡು ಬೈಸಿಕೊಂಡಿದ್ದ. ಚೌತಿಯ ಚಂದ್ರನನ್ನು ಅವತ್ತು ಟೆಕ್ಸಸ್‌ನಲ್ಲಿ ಬಹಳ ಜನ ನೋಡಿರಬೇಕು.

ಇನ್ನು ಅತ್ತೆಗೆ ಹೇಳುವುದು ಹೇಗೆ? ಮುರಳಿಗೆ, ನೀನೇ ಹೇಳಿಬಿಡು, ನಿಮ್ಮಮ್ಮ ತಾನೇ ಎಂದೆ. ಕಥೆ ಹೇಳುವಾಗ ನನ್ನನ್ನು ಕೇಳಿದ್ದೆಯಾ, ಈಗಲೂ ನೀನೇ ಹೇಳು ಎಂದ. ಮೂರು ದಿನ ಮುಂದೂಡಿದೆ. ನಾಲ್ಕನೆಯ ದಿನ ಫೋನ್ ಹಚ್ಚಿ, ಕ್ಷೇಮಸಮಾಚಾರ, ಮೈಸೂರಿನ ಮಳೆ, ಮಂಡಿನೋವು ಎಲ್ಲ ಮುಗಿಸಿ, ಇನ್ನು ಕೇಳುವುದು ಏನೂ ಉಳಿಯದಾದಾಗ ಹೇಳಿದೆ. ಕಾರಿನ ವಾಸನೆ ಪಾಯಸದ್ದಲ್ಲ ಅತ್ತೆ, ಎಂಜಿನ್ ಸೋರುತ್ತಿದ್ದದ್ದು, ನನ್ನಿಂದ ತಪ್ಪಾಯ್ತು ಎಂದೆ. ಚಂದ್ರನನ್ನು ತೋರಿಸಿದ್ದೂ ನಾನೇ ಎಂದೆ. ಅತ್ತೆ ಮೊದಲು ಕೇಳಿದ್ದು, ರಸ್ತೆಯಲ್ಲಿ ನಿಂತಾಗ ಮಗು ಹೆದರಿತಾ ಎಂದು. ಆಮೇಲೆ ಮೂಗು ಸೇದಿಕೊಂಡ ಸದ್ದು ಕೇಳಿಸಿತು. ಅದಕ್ಕೆ ನೆಗಡಿ ಎಂದರು. ಒಂದೇ ವಾರದಲ್ಲಿ ಅವರ ಬೀದಿಗೆಲ್ಲ ನಮ್ಮ ಎಂಜಿನ್ನಿನ ವಿಷಯ ತಿಳಿದಿತ್ತು. ಹಾಲು ಹಾಕುವವರೂ ನನ್ನ ನಾದಿನಿಯನ್ನು ನಿಲ್ಲಿಸಿ, ಅಮ್ಮಾವ್ರ ಪಾಯಸದ್ದು ಏನೂ ತಪ್ಪಿರಲಿಲ್ಲವಂತೆ ಎಂದರಂತೆ.

ಮತ್ತೆ ಎರಡು ವರ್ಷಕ್ಕೆ ಅತ್ತೆ ಬಂದರು. ಬೇರೆ ಕಾರು ಬಂದಿತ್ತು. ಅದಕ್ಕೆ ಪೂಜೆ ಮಾಡುವ ಮೊದಲು ಬಾನೆಟ್ ತೆರೆದು ಯಾವುದು ಎಲ್ಲಿದೆ ಎಂದು ಕಲಿತಿದ್ದೆ. ಗಣೇಶನ ಹಬ್ಬಕ್ಕೆ ಮತ್ತೆ ವೀಣಾಳ ಮನೆ. ಪಾಯಸ ಮಾಡಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಬೆಳಿಗ್ಗೆ ಅಡುಗೆ ಮನೆಗೆ ಹೋದರೆ ಅತ್ತೆ ಕುರ್ಚಿಯಲ್ಲಿ ಕೂತು ಏಲಕ್ಕಿ ಬಿಡಿಸುತ್ತಿದ್ದರು. ಯಾವಾಗಲೂ ಹಾಕುವುದಕ್ಕಿಂತ ಎರಡರಷ್ಟು ರಾಶಿ. ನಾನೂ ಎದುರಿಗೆ ಕೂತು ಬಿಡಿಸಿದೆ.

ಸಾಯಂಕಾಲ ಹೊರಡುವಾಗ ಮುರಳಿಗೆ ಅರ್ಧ ಲೋಟಕ್ಕಿಂತ ಹೆಚ್ಚು ಪಾಯಸ ಸಿಗದಂತೆ ಅತ್ತೆಯೇ ನೋಡಿಕೊಂಡಿದ್ದರು. ಡ್ರೈವಿಂಗ್ ಅವನದು ಎಂದರು. ಅನುವಿನ ಪಕ್ಕ ತಾವು ಹಿಂದೆ ಕೂತರು. ಮಿಕ್ಕ ಪಾಯಸದ ಪಾತ್ರೆ ತಂದು ಮುಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲಿಟ್ಟು, ಈ ಸಲ ನೀನು ಹಿಡ್ಕೊ ಎಂದರು.

ವೇಕೋ ಬರುವ ಹೊತ್ತಿಗೆ ಬಲಗಡೆ ಚಂದ್ರ ಇದ್ದ. ನಾನು ಮುಚ್ಚಳ ಬಿಡಲಿಲ್ಲ, ಕತ್ತು ತಗ್ಗಿಸಿ ಪಾತ್ರೆಯನ್ನೇ ನೋಡುತ್ತಿದ್ದೆ. ರಸ್ತೆ ರಿಪೇರಿ ನಡೆಯುತ್ತಿದ್ದ ಕಡೆ ಕಾರು ಒಂದು ಸಲ ಎತ್ತಿಹಾಕಿತು. ಎಷ್ಟು ಬಿಗಿಯಾಗಿ ಹಿಡಿದಿದ್ದರೂ ಮುಚ್ಚಳ ಒಂದು ಕಡೆ ಏರಿ, ಒಂದು ಸೌಟಿನಷ್ಟು ಪಾಯಸ ನನ್ನ ಸೀರೆಯ ಮೇಲಿಂದ ಹೊಸ ಕಾರಿನ ಕಾರ್ಪೆಟ್ಟಿಗೆ ಇಳಿಯಿತು. ಮುರಳಿ ನನ್ನ ಕಡೆ ನೋಡಿದ, ನಾನು ಹಿಂದಿನ ಸೀಟಿನ ಮಾತಿಗೆ ಕಾದೆ. ನಾಲ್ಕು ವರ್ಷದ ಹಿಂದೆ ನಾನಾಡಿದ ಮಾತೇ ಬರಲಿ, ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತೇನೆ ಎಂದುಕೊಂಡೆ.

ಅತ್ತೆ ಮುಂದಕ್ಕೆ ಬಗ್ಗಿ, ನನ್ನ ಭುಜದ ಮೇಲೆ ಕೈಯಿಟ್ಟು, ಒಂದು ಸಲ ನಿಧಾನವಾಗಿ ಮೂಸಿದರು.

"ಹ್ಞಾ, ಇದು ನೋಡು," ಎಂದರು. "ಇದು ನನ್ನದು."